ಆಸರು ಮತ್ತು ಅರವಟ್ಟಿಗೆ: ಘಟ್ಟದ ಹಾದಿಯ ನೀರಿನ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬಿಸಿಲಲ್ಲಿ ನಡೆದು ಬಂದವರನ್ನು ಮನೆಯವರು ಮೊದಲು ಕೇಳೋದು 'ಆಸ್ರಿಗೆ ಏನು ಬೇಕು' ಅಂತ. ಆಸರು ಅಂದರೆ ದಣಿವು, ಆಸರು ಅಂದರೆ ಬಾಯಾರಿಕೆ. ಎರಡಕ್ಕೂ ಒಂದೇ ಮಾತು. ಜಗುಲಿ ಮೇಲೆ ಕೂತವರಿಗೆ ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಅನುಕೂಲಸ್ಥರ ಮನೆಯಾದರೆ ಮಜ್ಜಿಗೆ, ಬೇಸಿಗೆಯಾದರೆ ಮುರುಗಲ ಹಣ್ಣಿನ ಪಾನಕ. ಇದನ್ನು ಮಲೆನಾಡಿನ ಆತಿಥ್ಯ ಅಂತ ಹೊಗಳಿ ಬರೆದವರು ಬೇಕಾದಷ್ಟು ಜನ ಇದ್ದಾರೆ. ಆ ಬೆಲ್ಲದ ಮೇಲೆ ನನ್ನ ತಕರಾರಿಲ್ಲ. ಜಗುಲಿ ಹತ್ತಲಾಗದವನಿಗೆ ಏನು ಸಿಕ್ಕಿತು ಅನ್ನೋದು ನನ್ನ ಪ್ರಶ್ನೆ. ಕಿಸೆಯಲ್ಲಿ ಕಾಸಿಲ್ಲದವನು, ಹುಟ್ಟಿದ ಕೇರಿಯ ಹೆಸರನ್ನೇ ಬೆನ್ನಿಗೆ ಕಟ್ಟಿಕೊಂಡವನು, ಚೈತ್ರ-ವೈಶಾಖದ ಉರಿಯಲ್ಲಿ ಈ ಘಟ್ಟಗಳನ್ನು ಹೇಗೆ ಹತ್ತಿ ಇಳಿದ? ಯಾವ ನೀರು ಕುಡಿದ? ಎಲ್ಲಿ ಮಲಗಿದ? ನಮ್ಮ ಪಠ್ಯಪುಸ್ತಕದ ಇತಿಹಾಸದಲ್ಲಿ ರಾಜ ಕುದುರೆ ಮೇಲೆ ಬರ್ತಾನೆ, ಹೋಗ್ತಾನೆ. ಕುದುರೆಗೆ ಯಾರು ನೀರು ತಂದರು ಅಂತ ಕೇಳಿದ ಹುಡುಗನನ್ನು ಮೇಷ್ಟ್ರು ಕೂರಿಸ್ತಾರೆ.

ಹಾದಿಗೆ ನೀರು ಇಡೋದು ಇಲ್ಲಿ ಹಳೇ ಕಾಲದ ಧರ್ಮ. ಕನ್ನಡ ಶಾಸನಗಳಲ್ಲಿ 'ಅರವಂಟಿಗೆ' ಅನ್ನೋ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆ, ಬಾವಿ, ಸತ್ರದ ಜೊತೆ ಅರವಂಟಿಗೆಗೂ ಭೂಮಿ ಬಿಟ್ಟಿದ್ದಾರೆ. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡೋ ಚಪ್ಪರ ಅದು. ಇಂದಿನ ಅರವಟ್ಟಿಗೆ. ಶಿರಸಿ ತಾಲ್ಲೂಕಿನ ಬನವಾಸಿ ಒಂದು ಕಾಲಕ್ಕೆ ಕದಂಬರ ರಾಜಧಾನಿ. ಕರಾವಳಿಯ ಬಂದರುಗಳಿಂದ ಬಯಲುಸೀಮೆಗೆ ಹೋಗೋ ಹಾದಿ ಈ ಸೀಮೆಯನ್ನು ದಾಟಿಯೇ ಹೋಗಬೇಕು. ಅಲ್ಲಿಂದ ಬಹಳ ದೂರವೇನಿಲ್ಲ ಬಳ್ಳಿಗಾವೆ. ಅಲ್ಲಿನ ಕೋಡಿಯ ಮಠದ 1162ರ ಶಾಸನ ಕುಂಟರು, ಕುರುಡರು, ಕಿವುಡರು, ದಿಕ್ಕಿಲ್ಲದವರು, ಭಿಕ್ಷುಕರು ಇವರಿಗೆಲ್ಲ ಅಲ್ಲಿ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಮದ್ದು ಸಿಗುತ್ತಿತ್ತು ಅಂತ ಹೇಳುತ್ತದೆ. ದೊಡ್ಡ ಮಾತೇ ಅದು, ಸುಮ್ಮನೆ ತಳ್ಳಿಹಾಕಲಾರೆ. ಆದರೆ ಶಾಸನ ಕೆತ್ತಿಸಿದವರು ದಾನ ಕೊಟ್ಟವರು. ನೀರು ಕುಡಿದವರು ಕಲ್ಲು ಕೆತ್ತಿಸಲಿಲ್ಲ. ಕೊಟ್ಟದ್ದು ಹೇಗೆ, ಎಷ್ಟು ದೂರ ನಿಂತವನಿಗೆ, ಯಾವ ಎತ್ತರದಿಂದ ಅನ್ನೋದು ಕಲ್ಲಿನಲ್ಲಿಲ್ಲ.

ಅದನ್ನು ನಮ್ಮ ಹಿರಿಯರ ಬಾಯಿಂದ ಕೇಳಬೇಕು. ಅರವಟ್ಟಿಗೆಯಲ್ಲಿ ನೀರು ಕೊಡಲು ಮೇಲ್ಜಾತಿಯವನನ್ನೇ ಕೂರಿಸೋದು ರೂಢಿ. ಅವನ ಕೈ ನೀರು ಎಲ್ಲರೂ ಕುಡೀಬಹುದಲ್ಲ, ಅದಕ್ಕೆ. ಸವರ್ಣರಿಗೆ ಚೆಂಬು. ಉಳಿದವರಿಗೆ ಬೊಗಸೆ. ನಮ್ಮವರಿಗೆ ಬೊಗಸೆಗೂ ನೇರವಾಗಿ ಇಲ್ಲ. ಬಿದಿರ ದಬ್ಬೆಯ ಈ ತುದಿಗೆ ಅವನು ಸುರಿದರೆ ಆ ತುದಿಯಲ್ಲಿ ಇವನು ಬಗ್ಗಿ ಬೊಗಸೆ ಒಡ್ಡಬೇಕು. ದೇಶದ ಎಷ್ಟೋ ಭಾಗಗಳಲ್ಲಿ ಇದೇ ಏರ್ಪಾಡಿತ್ತು. ನಮ್ಮಜ್ಜಿ ಜಾತ್ರೆಗೆ ಹೊರಟಾಗ ಸೆರಗಿನ ತುದಿಗೆ ಒಂದು ತೆಂಗಿನ ಕರಟ ಕಟ್ಟಿಕೊಂಡೇ ಹೊರಡುತ್ತಿದ್ದಳಂತೆ. 'ಬೊಗಸೇಲಿ ಕುಡದ್ರೆ ಅರ್ಧ ಮೊಣಕೈಗೆ ಹೋಗ್ತದೆ ಮಗಾ, ಹೊಟ್ಟೆಗೆ ಅರ್ಧ' ಅಂತಿದ್ದಳು. ವಿಜ್ಞಾನ ಓದಿದ ಮೇಲೆ ನನಗೆ ಗೊತ್ತಾಯಿತು, ಅವಳು ಹೇಳಿದ್ದು ಪ್ರಮಾಣದ ಮಾತು. ಬಿಸಿಲಲ್ಲಿ ಮೈಮುರಿದು ದುಡಿಯೋ ದೇಹದಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಅದನ್ನು ಬೊಗಸೆಯಲ್ಲಿ ತುಂಬಿಕೊಳ್ಳಬೇಕಾದರೆ ಎಷ್ಟು ಸಲ ಬಗ್ಗಬೇಕು? ಎಷ್ಟು ಸಲ 'ಬುದ್ಧೀ' ಅನ್ನಬೇಕು? ಎರಡು ಸಲ ಕೇಳಿ ಮೂರನೇ ಸಲಕ್ಕೆ ಸುಮ್ಮನಾಗಿಬಿಡ್ತಾರೆ. ಅರ್ಧ ಆಸರು ಹಾಗೇ ಉಳಿಯುತ್ತದೆ.

ಇನ್ನು ಹತ್ತಿಯ ಕತೆ. ಇದನ್ನು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಇವತ್ತು ನಾವು ಬಸ್ಸಿನಲ್ಲಿ ಹೋಗೋ ಹಾದಿ ಹುಟ್ಟಿದ್ದು ಇಲ್ಲಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ಕಪ್ಪು ಗುಲಾಮರು ಬೆಳೆದ ಹತ್ತಿ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಬರೋದು ನಿಂತಿತು. ಗಿರಣಿ ಮಾಲೀಕರ ಕಣ್ಣು ಧಾರವಾಡದ ಎರೆಭೂಮಿ ಮೇಲೆ ಬಿತ್ತು. ಆ ಹತ್ತಿ ಶಿರಸಿ ಮೇಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರು ಸೇರಬೇಕು. ವ್ಯಾಪಾರದ ಪೇಟೆಯಲ್ಲಿ ಧಾರವಾಡ ಸೀಮೆಯ ಹತ್ತಿಗೆ 'ಕುಮಟಾ' ಅನ್ನೋ ಹೆಸರೇ ನಿಂತುಬಿಟ್ಟಿತು. ಬೆಳೆದ ಊರಿನ ಹೆಸರಲ್ಲ, ಹಡಗು ಹತ್ತಿದ ಊರಿನ ಹೆಸರು! 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ಮತ್ತು ಬಂದರಿನ ಲೆಕ್ಕಾಚಾರವೇ ಇತ್ತು. ಒಂದು ಜಿಲ್ಲೆಯ ಭವಿಷ್ಯವನ್ನು ಸಮುದ್ರದಾಚೆಯ ಗಿರಣಿ ಬರೆಯಿತು.

ಈಗ ಕ್ಯಾಲೆಂಡರ್ ನೋಡಿ. ಧಾರವಾಡದ ಹತ್ತಿ ಬಿಡಿಸೋದು ಮಾಘ ಕಳೆದು ಬೇಸಿಗೆ ಕಾಲಿಟ್ಟ ಮೇಲೆ. ಜೂನ್ ಬಂತೆಂದರೆ ಮಳೆಗಾಲ, ಬಂದರು ಬಂದ್, ಹಡಗಿಲ್ಲ. ಹಾಗಾದರೆ ಘಟ್ಟದ ಮೇಲೆ ಗಾಡಿಗಳ ಸಾಲು ಯಾವಾಗ? ಮಾರ್ಚ್, ಏಪ್ರಿಲ್, ಮೇ. ವರ್ಷದಲ್ಲಿ ಅತಿ ಕೆಟ್ಟ ಬಿಸಿಲಿನ ಮೂರು ತಿಂಗಳೇ ಈ ಹಾದಿಯ ಸುಗ್ಗಿ. ರಸ್ತೆ ಕಡಿಯೋ ಕೆಲಸವೂ ಒಣ ಹವೆಯಲ್ಲೇ ಆಗಬೇಕು, ಮಳೆಯಲ್ಲಿ ಮಲೆನಾಡಿನ ಮಣ್ಣು ನಿಲ್ಲೋದಿಲ್ಲ. ಕಲ್ಲು ಒಡೆದವರು, ಮಣ್ಣು ಹೊತ್ತವರು, ಗಾಡಿ ಹಿಂದೆ ನಡೆದವರು, ಮೂಟೆ ಇಳಿಸಿದವರು ಇವರಿಗೆಲ್ಲ ಬಿಸಿಲು ಆಯ್ಕೆಯಾಗಿರಲಿಲ್ಲ. ಕೂಲಿ ಸಿಗುತ್ತಿದ್ದದ್ದೇ ಬಿಸಿಲಲ್ಲಿ. ಅದಕ್ಕೂ ಹಿಂದಿನಿಂದ ಸಾಣಿಕಟ್ಟೆಯ ಉಪ್ಪು ಹೇರಿನೆತ್ತಿನ ಮೇಲೆ ಘಟ್ಟ ಹತ್ತುತ್ತಿತ್ತು, ಮೆಣಸು ಅಡಿಕೆ ಇಳಿಯುತ್ತಿತ್ತು. ತಲೆಹೊರೆಯವರು ಹೊರೆ ಇಳಿಸಲು ಹಾದಿ ಬದಿಯಲ್ಲಿ ಹೊರೆಗಲ್ಲು ನಿಲ್ಲಿಸೋರು. ಹೊರೆ ಇಳಿಸಿ ಐದು ನಿಮಿಷ ನಿಲ್ಲೋದು, ಮತ್ತೆ ತಲೆ ಒಡ್ಡೋದು. ನನ್ನನ್ನು ಕೇಳಿದರೆ ಯಾವ ಗೋಪುರಕ್ಕಿಂತಲೂ ಆ ಹೊರೆಗಲ್ಲುಗಳನ್ನು ಮೊದಲು ಕಾಪಾಡಬೇಕು. 1880ರ ದಶಕದ ಕೊನೆಗೆ ಮಾರ್ಮಗೋವಾಕ್ಕೆ ರೈಲು ಬಂತು, ಹತ್ತಿ ಆ ಕಡೆ ತಿರುಗಿತು, ಕುಮಟಾ ಮಂಕಾಯಿತು. ಗಿರಣಿಗೆ ಹಾದಿ ಬದಲಾಯಿತು. ಹಾದಿ ಕಡಿದವನ ಕೇರಿ ಅಲ್ಲೇ ಉಳಿಯಿತು.

ಸಾಹೇಬರ ಪ್ರವಾಸ ಬೇರೆ ಥರ. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಕಂಪನಿ ಸರಕಾರದ ಪರವಾಗಿ ಈ ಸೋಂದಾ ಸೀಮೆಯನ್ನು ದಾಟಿದ. ತೋಟ, ಗದ್ದೆ, ಕೂಲಿ, ಬೆಲೆ ಎಲ್ಲ ಬರೆದುಕೊಂಡ. 1807ರಲ್ಲಿ ಅದು ಪುಸ್ತಕವಾಯಿತು. 1883ರ ಮುಂಬೈ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ರಸ್ತೆ, ಘಟ್ಟ, ಬಂಗಲೆಗಳ ವಿವರ ಬರುತ್ತದೆ. ಸಿದ್ದಾಪುರದ ಅಂಚಿಗೆ ಜೋಗ ಇದೆಯಲ್ಲ, ಅಲ್ಲಿ ನದಿಯ ಈ ದಡಕ್ಕೆ ಮುಂಬೈ ಬಂಗಲೆ, ಆ ದಡಕ್ಕೆ ಮೈಸೂರು ಬಂಗಲೆ. ಎರಡು ಸರಕಾರಗಳು ಎರಡು ದಡದಿಂದ ಒಂದೇ ನೀರು ಬೀಳೋದನ್ನು ನೋಡುತ್ತಿದ್ದವು. ಬಂಗಲೆಯಲ್ಲಿ ಪಂಕಾ ಎಳೆಯುವವನೂ ಮನುಷ್ಯನೇ. ಗಾಳಿ ಮಾತ್ರ ಅವನಿಗಲ್ಲ.

ಯಲ್ಲಾಪುರದ ಕಾಡಿನಲ್ಲಿ ಇನ್ನೊಂದು ಪಯಣದ ನೆನಪಿದೆ. ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ಗೋವಾಕ್ಕೆ ತಂದವರ ಪೈಕಿ ಎಷ್ಟೋ ಜನ ಪೋರ್ಚುಗೀಸರ ಕೈ ತಪ್ಪಿಸಿಕೊಂಡು ಘಟ್ಟ ಹತ್ತಿದರು. ಅವರ ಮಕ್ಕಳ ಮಕ್ಕಳೇ ಇವತ್ತು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿಯ ಕಾಡಂಚಿನ ಸಿದ್ದಿಗಳು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದಲ್ಲಿದ್ದಾರೆ. ಅವರು ಅರವಟ್ಟಿಗೆ ಇರೋ ಹಾದಿ ಹಿಡಿಯುವಂತಿರಲಿಲ್ಲ. ಹಾದಿಯಲ್ಲಿ ಹಿಡಿಯೋರು ಇರ್ತಾರೆ. ಹಾದಿ ತಪ್ಪಿಸಿ, ಹಳ್ಳದ ಗುಂಟ ಬರಬೇಕು. ಕಾಡಿನ ನೀರು ಜಾತಿ ಕೇಳಲಿಲ್ಲ. ಸರಕಾರ ಅವರನ್ನು ಪರಿಶಿಷ್ಟ ಪಂಗಡ ಅಂತ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಮುರುಗಲ ಹಣ್ಣು, ಉಪ್ಪಾಗೆ ಆರಿಸಿ ತರೋರಲ್ಲಿ ಅವರೂ ಇದ್ದಾರೆ. ಮುರುಗಲು ಹಣ್ಣಾಗೋದು ಏಪ್ರಿಲ್-ಮೇ ಬಿಸಿಲಲ್ಲಿ. ಪೇಟೆಯಲ್ಲಿ ನಾವು ತಂಪು ಅಂತ ಕುಡಿಯೋ ಆ ಕೆಂಪು ಪಾನಕದ ಹಿಂದೆ ಯಾರೋ ಬೆಂದಿರ್ತಾರೆ.

ಬಾಯಾರಿದ ಪಯಣದ ಅತಿ ಸ್ಪಷ್ಟ ದಾಖಲೆ ನಮಗೆ ಸಿಗೋದು ಇದೇ ಮುಂಬೈ ಪ್ರಾಂತ್ಯದ ಇನ್ನೊಂದು ಮೂಲೆಯಿಂದ. 1901ನೇ ಇಸವಿ. ಸಾತಾರಾದಿಂದ ಕೋರೆಗಾಂವಿಗೆ ನಾಲ್ಕು ಮಕ್ಕಳು ಹೊರಟರು. ಬೇಸಿಗೆ ರಜೆ. ಅಪ್ಪ ಅಲ್ಲಿ ಬರಗಾಲದ ಕಾಮಗಾರಿಯಲ್ಲಿ ಖಜಾಂಚಿ. ಮಕ್ಕಳಲ್ಲಿ ಒಬ್ಬ ಭೀಮರಾವ್. ಹೊಸ ಅಂಗಿ, ಮೊದಲ ರೈಲು ಪ್ರಯಾಣ, ಕಿಸೆಯಲ್ಲಿ ದುಡ್ಡೂ ಇದೆ. ಮಸೂರು ನಿಲ್ದಾಣದಲ್ಲಿ ಇಳಿದರು, ಕರೆಯಲು ಯಾರೂ ಬಂದಿಲ್ಲ. ಮಹಾರರು ಅಂತ ಗೊತ್ತಾದದ್ದೇ ತಡ, ಸ್ಟೇಷನ್ ಮಾಸ್ತರನ ಮುಖ ಬದಲಾಯಿತು. ದುಪ್ಪಟ್ಟು ಬಾಡಿಗೆ ಕೊಡ್ತೇವೆ ಅಂದರೂ ಗಾಡಿಯವರು ಒಲ್ಲೆ ಅಂದರು. ಕೊನೆಗೆ ಒಬ್ಬ ಒಪ್ಪಿದ, ಷರತ್ತಿನ ಮೇಲೆ: ಮಕ್ಕಳೇ ಗಾಡಿ ಹೊಡೀಬೇಕು, ಅವನು ಪಕ್ಕದಲ್ಲಿ ನಡೀತಾನೆ. ಬುತ್ತಿ ತುಂಬ ಊಟ ಇದೆ, ನೀರಿಲ್ಲ. ಹಳ್ಳದಲ್ಲಿ ಸಿಕ್ಕದ್ದು ನಾರುವ ಕೆಸರು ನೀರು. ರಾತ್ರಿ ಸುಂಕದ ಕಟ್ಟೆಯಲ್ಲಿ, ಗಾಡಿಯವನ ಮಾತಿನಂತೆ, ತಾವು ಮುಸಲ್ಮಾನರು ಅಂತ ಹೇಳಿ ಕೇಳಿದರು. ಆದರೂ ಸಿಗಲಿಲ್ಲ. ಬುತ್ತಿ ಬಿಚ್ಚದೆ ಮಲಗಿದರು. ಇದನ್ನು ಅಂಬೇಡ್ಕರರು ಮುಂದೆ 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ಬರಹದಲ್ಲಿ ತಾವೇ ಹೇಳಿಕೊಂಡಿದ್ದಾರೆ. ಅದು ಪುಸ್ತಕವಾಗಿ ಬಂದದ್ದು 1990ರಲ್ಲಿ, ಅವರು ತೀರಿ ಮೂವತ್ತನಾಲ್ಕು ವರ್ಷಕ್ಕೆ.

ಈ ಕತೆಯಲ್ಲಿ ಒಂದನ್ನು ಗಮನಿಸಬೇಕು. ಮಕ್ಕಳ ಹತ್ತಿರ ಹಣ ಇತ್ತು. ಅಗ್ಗದ ಪಯಣ, ದುಬಾರಿ ಪಯಣ ಅಂತ ಲೆಕ್ಕ ಹಾಕೋರಿಗೆ ಇದು ಹೊಳೆಯೋದಿಲ್ಲ. ಇದೇ ಗಾಡಿ, ಇದೇ ಹಾದಿ. ಅವರಿಗೆ ಒಂದು ಬಾಡಿಗೆ, ಇವರಿಗೆ ಎರಡು ಬಾಡಿಗೆ. ಅಸ್ಪೃಶ್ಯತೆ ಅನ್ನೋದು ಬರೀ ಅವಮಾನ ಅಂತ ತಿಳಿದವರು ಈ ಎರಡನೇ ಬಾಡಿಗೆಯನ್ನು ಲೆಕ್ಕಕ್ಕೆ ತಗೊಳ್ಳಲಿ.

1923ರ ಆಗಸ್ಟ್ 4ರಂದು ಮುಂಬೈ ಶಾಸನ ಸಭೆಯಲ್ಲಿ ಎಸ್. ಕೆ. ಬೋಳೆಯವರ ಠರಾವು ಪಾಸಾಯಿತು. ಸಾರ್ವಜನಿಕ ಹಣದಿಂದ ಕಟ್ಟಿದ, ನಡೆಸುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆ ಅಸ್ಪೃಶ್ಯರಿಗೂ ತೆರೆಯಬೇಕು ಅಂತ. ಗೆಳೆಯರೇ, ಆಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಅಂದರೆ ಮಹಾಡದ ಚವದಾರ್ ಕೆರೆಗೆ ಯಾವ ಠರಾವು ಅನ್ವಯವೋ, ನಮ್ಮ ಹಾದಿ ಬಾವಿಗೂ ಅದೇ ಠರಾವು. ಇದನ್ನು ನಮಗೆ ಯಾವ ಶಾಲೆಯಲ್ಲೂ ಹೇಳಿಕೊಡಲಿಲ್ಲ. ಮಹಾಡ ಎಲ್ಲೋ ಮಹಾರಾಷ್ಟ್ರದಲ್ಲಿ ನಡೆದದ್ದು ಅಂತ ಓದಿದೆವು. ಮಹಾಡವೂ ಕುಮಟೆಯಂತೆ ಘಟ್ಟದ ಬುಡದ ಊರು, ಕರಾವಳಿಯ ಬೆವರಿನ ಊರು. ಅಲ್ಲಿನ ಪುರಸಭೆ 1924ರಲ್ಲೇ ಕೆರೆ ಮುಕ್ತ ಅಂತ ಕಾಗದದಲ್ಲಿ ಬರೆದಿತ್ತು. ಕಾಗದದಿಂದ ನೀರಿನವರೆಗೆ ನಡೆಯಲು ಮೂರು ವರ್ಷ ಬೇಕಾಯಿತು. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಂದಿಗೆ ಹೋಗಿ ಆ ನೀರು ಕುಡಿದರು. ಆಮೇಲೆ ಹೊಡೆತ ಬಿತ್ತು. ಕೆರೆಗೆ ಸಗಣಿ, ಗಂಜಳ ಸುರಿದು ಶುದ್ಧಿ ಮಾಡಿದರು. ಅದೇ ಆಗಸ್ಟಿನಲ್ಲಿ ಪುರಸಭೆ ತನ್ನ ಮಾತು ವಾಪಸು ತಗೊಂಡಿತು. ಮುಂಬೈ ಹೈಕೋರ್ಟು ಕೆರೆ ಎಲ್ಲರದ್ದು ಅನ್ನೋ ಪರವಾಗಿ ತೀರ್ಪು ಕೊಟ್ಟದ್ದು 1937ರ ಮಾರ್ಚಿನಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷದ ವ್ಯಾಜ್ಯ.

1934ರಲ್ಲಿ ಗಾಂಧಿ ಶಿರಸಿಗೆ ಬಂದರು. ಹರಿಜನ ಪ್ರವಾಸ ಅದು. ಸಿದ್ದಾಪುರ, ಅಂಕೋಲೆಯ ರೈತರು ಕರನಿರಾಕರಣೆಯಲ್ಲಿ ಮನೆಮಠ ಕಳೆದುಕೊಂಡ ಕಾಲ. ಮಾರಿಕಾಂಬೆಯ ಗುಡಿಯಲ್ಲಿ ಕೋಣಬಲಿ ಇದೆ ಅಂತ ಗಾಂಧಿ ಗುಡಿಗೆ ಹೋಗಲಿಲ್ಲ. ಊರಲ್ಲಿ ಚರ್ಚೆ ಎದ್ದಿತು, ಬಲಿ ನಿಂತಿತು. ಒಳ್ಳೇದೇ ಆಯಿತು. ಆದರೆ ಕೋಣನ ಕತೆ ಯಾರ ಕತೆ ಅಂತ ಕೇಳಿದವರು ಕಡಿಮೆ. ಮಾರಿಯ ಕತೆ ನಾಡಿನ ಎಷ್ಟೋ ಕಡೆ ಹೇಳೋದು ಹೀಗೆ: ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ ಹೊಲೆಯನೇ ಕೋಣ. ಜಾತಿ ಮುಚ್ಚಿಟ್ಟದ್ದಕ್ಕೆ ತಲೆ ದಂಡ. ಸುಂಕದ ಕಟ್ಟೆಯಲ್ಲಿ ನೀರಿಗಾಗಿ ಜಾತಿ ಮುಚ್ಚಿಟ್ಟ ಆ ಮಕ್ಕಳನ್ನು ಈ ಕತೆಯ ಪಕ್ಕ ಇಟ್ಟು ನೋಡಿ. ಬಲಿ ನಿಂತು ತೊಂಬತ್ತು ವರ್ಷ ಆಗುತ್ತಾ ಬಂತು. ಕತೆ ಇನ್ನೂ ನಿಂತಿಲ್ಲ.

ಕಾನೂನುಗಳನ್ನು ಬೇಗ ಹೇಳಿ ಮುಗಿಸ್ತೇನೆ. 1946ರಲ್ಲಿ ಮುಂಬೈ ಪ್ರಾಂತ್ಯದ ಸಾಮಾಜಿಕ ನಿರ್ಬಂಧ ನಿವಾರಣೆ ಕಾಯಿದೆ, 1947ರಲ್ಲಿ ದೇವಸ್ಥಾನ ಪ್ರವೇಶದ ಕಾಯಿದೆ. 1950ರಲ್ಲಿ ಸಂವಿಧಾನದ 15ನೇ ವಿಧಿ: ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವುಗಳ ಹೆಸರು ಹಿಡಿದು ಹೇಳಿದೆ. ಓದಿ ನೋಡಿ, ಅದು ಹೆಚ್ಚುಕಮ್ಮಿ ಒಬ್ಬ ದಾರಿಹೋಕನ ಪಟ್ಟಿ. 1955ರಲ್ಲಿ ಅಸ್ಪೃಶ್ಯತಾ ಅಪರಾಧ ಕಾಯಿದೆ, 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ. ನಡುವೆ 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಪ್ರಾಂತ್ಯ ಬದಲಾಯಿತು, ಕೇರಿಯ ಚಹಾ ಲೋಟ ಹೋಟೆಲಿನ ಹೊರಗಿನ ಗೂಟದಲ್ಲೇ ಎಷ್ಟೋ ಕಾಲ ನೇತಾಡಿತು.

ನನ್ನ ಲೆಕ್ಕದಲ್ಲಿ ಕಾನೂನಿಗಿಂತ ಹೆಚ್ಚು ಕೆಲಸ ಮಾಡಿದ್ದು ಎರಡು ವಸ್ತು: ಕೆಂಪು ಬಸ್ಸು ಮತ್ತು ಬಸ್‌ಸ್ಟ್ಯಾಂಡಿನ ನಲ್ಲಿ. ಬಸ್ಸಿನಲ್ಲಿ ಕಂಡಕ್ಟರ್ ಕೇಳೋದು ಎಲ್ಲಿಗೆ ಅಂತ, ಯಾರ ಪೈಕಿ ಅಂತಲ್ಲ. ರಶ್ಶಿನಲ್ಲಿ ಭಟ್ಟರ ಹೆಗಲಿಗೆ ನಮ್ಮಪ್ಪನ ಹೆಗಲು ತಾಗಲೇಬೇಕು. ನಲ್ಲಿಗೆ ಕಣ್ಣಿಲ್ಲ, ಮೇಲಿಂದ ಸುರಿಯೋ ಕೈಯಿಲ್ಲ. ತಿರುಪಿದರೆ ಬರುತ್ತದೆ. 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಬಸ್ಸಿನ ಟಿಕೇಟೂ ಇಲ್ಲ. ಯಲ್ಲಾಪುರದ ಕೂಲಿ ಹೆಂಗಸು ಶಿರಸಿ ಆಸ್ಪತ್ರೆಗೆ ಕಾಸಿಲ್ಲದೆ ಬರಬಹುದು. ಪುಕ್ಕಟೆ ಅಂತ ಮೂಗು ಮುರಿಯೋರು, ಅವಳಿಂದ ನೂರಾರು ವರ್ಷ ವಸೂಲಾದ ಎರಡನೇ ಬಾಡಿಗೆಯನ್ನೂ ನೆನೆಸಿಕೊಳ್ಳಲಿ.

ಆದರೆ ನಲ್ಲಿಯ ಜಾಗಕ್ಕೆ ಈಗ ಬಾಟಲಿ ಬಂದಿದೆ. ಸರಕಾರಿ ನಲ್ಲಿ ಕೆಟ್ಟು ನಿಂತ ಕಡೆಯೆಲ್ಲ ಪಕ್ಕದ ಅಂಗಡಿಯಲ್ಲಿ ತಂಪು ನೀರು ಸಿಗುತ್ತದೆ. ಲೀಟರಿಗೆ ಇಪ್ಪತ್ತು ರೂಪಾಯಿ ಹತ್ತಿರ. ಮೊಹರು ಹಾಕಿದ ಬಾಟಲಿಗೆ ಮೈಲಿಗೆ ಇಲ್ಲ, ನಿಜ. ಬಿಸಿಲ ದಿನ ಐದು ಲೀಟರು ಬೇಕು ಅಂತಿಟ್ಟುಕೊಳ್ಳಿ, ನೂರು ರೂಪಾಯಿ. 2025-26ರ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಕೂಲಿಯ ಕಾಲುಭಾಗಕ್ಕಿಂತ ಹೆಚ್ಚು ಬರೀ ನೀರಿಗೆ. ಹಾಗಾಗಿ ಕೂಲಿಯವನು ಕೊಳ್ಳೋದಿಲ್ಲ, ತಡಕೊಳ್ತಾನೆ. ತಡಕೊಳ್ಳೋದು ನಮಗೆ ವಂಶಪಾರಂಪರ್ಯ ವಿದ್ಯೆ.

ತಂಗೋ ಜಾಗವೂ ಹಾಗೇ. ಅಡಿಕೆ ತೋಟದ ನಡುವೆ ಈಗ ಹೋಂಸ್ಟೇಗಳು. ಯಾಣ, ಸಾತೊಡ್ಡಿ, ಮಾಗೋಡು ನೋಡಲು ಬೆಂಗಳೂರಿಂದ ಬೆನ್ನಿಗೆ ಚೀಲ ಹಾಕಿಕೊಂಡು ಕಡಿಮೆ ಖರ್ಚಲ್ಲಿ ಸುತ್ತೋ ಹುಡುಗರು ಬರ್ತಾರೆ. ಒಳ್ಳೇದು, ಬರಲಿ. ಒಂದು ಮನೆಯಲ್ಲಿ ನನ್ನನ್ನೂ ಗೆಳೆಯನನ್ನೂ ಬೆಲ್ಲ-ನೀರು ಕೊಟ್ಟು ಕೂರಿಸಿ, 'ತಮ್ಮದು ಯಾವ ಪೈಕಿ ಆಯ್ತು?' ಅಂತ ಬಹಳ ನಯವಾಗಿ ಕೇಳಿದರು. ನಾವು ಹೇಳಿದೆವು. ಕೋಣೆ ಖಾಲಿ ಇಲ್ಲ ಅಂತ ಅಷ್ಟೇ ನಯವಾಗಿ ಹೇಳಿದರು. ಬಿದಿರ ದಬ್ಬೆ ಈಗ ಕಣ್ಣಿಗೆ ಕಾಣೋದಿಲ್ಲ, ಅಷ್ಟೇ.

ಇನ್ನು ಬಿಸಿಲಿನ ಮಾತು. ಹವಾಮಾನ ಇಲಾಖೆಯವರ ನಿಯಮದಲ್ಲಿ ಬಿಸಿಗಾಳಿ ಅನ್ನಬೇಕಾದರೆ ಬಯಲಲ್ಲಿ ಕನಿಷ್ಠ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ತಲುಪಿರಬೇಕು. ಜೊತೆಗೆ ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿರಬೇಕು. ಅವರ ಉಷ್ಣಮಾಪಕ ಇರೋದು ನೆರಳಿನ ಪೆಟ್ಟಿಗೆಯೊಳಗೆ. ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತವನ ಬಿಸಿಲನ್ನು ಯಾರೂ ಅಳೆಯೋದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಅದರ ಬೆನ್ನಿಗೇ, 2024ರ ಮಾರ್ಚಿನಲ್ಲಿ, ಶಿರಸಿ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬಿಡಕಿಬೈಲಿನ ಗದ್ದುಗೆಗೆ ಲಕ್ಷಗಟ್ಟಲೆ ಜನ ಸೇರ್ತಾರೆ. ಹಾವೇರಿ, ಧಾರವಾಡ, ಶಿವಮೊಗ್ಗ ಕಡೆಯಿಂದ ಟ್ರ್ಯಾಕ್ಟರ್, ಲಾರಿ, ಬಸ್ಸು. ಬುತ್ತಿ ಕಟ್ಟಿಕೊಂಡು ಬಂದು ಮರದಡಿ ಮಲಗಿ ಎದ್ದು ಹೋಗೋ ಬಡವರೇ ಹೆಚ್ಚು. ಈ ಜಾತ್ರೆಯನ್ನು ನಿಲ್ಲಿಸಿದವರು ಅವರೇ.

ಮರ ಅಂದೆ. 1983ರ ಸೆಪ್ಟೆಂಬರಿನಲ್ಲಿ ಇದೇ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ಕಡಿಯೋರನ್ನು ತಡೆದರು. ಅಪ್ಪಿಕೋ ಚಳುವಳಿ ಅಂತ ಲೋಕಕ್ಕೆಲ್ಲ ಗೊತ್ತಾಯಿತು. ಈಗ ಹೆದ್ದಾರಿ ಅಗಲ ಮಾಡಲು ಕುಮಟಾ ಹಾದಿಯ ಬದಿಯ ಮರಗಳು ಉರುಳಿವೆ. ಈ ಮೂರು ತಾಲ್ಲೂಕಿನಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ರೂಢಿ ಬ್ರಿಟಿಷರ ಕಾಲದ್ದು. ಆ ನೆರಳಿಗೆ ಹಕ್ಕುದಾರರಿದ್ದಾರೆ. ತೋಟವಿಲ್ಲದವನಿಗೆ ಇದ್ದದ್ದು ರಸ್ತೆ ಬದಿಯ ನೆರಳೊಂದೇ. ಬಸ್ಸಿಗೆ ಕಾಯೋನು ಈಗ ಎಲ್ಲಿ ನಿಲ್ಲಬೇಕು?

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಎರಡು ಮಾತು. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಸಣ್ಣ ಚಮಚ, ಸಮ ಮಟ್ಟ. ಬಿಸಿಲಿಗೆ ಬಸವಳಿದು ಎಚ್ಚರ ಇದ್ದವರಿಗೆ ಗುಟುಕು ಗುಟುಕಾಗಿ ಕುಡಿಸಿ. ಮೈ ಕೆಂಡವಾಗಿ ಮಾತು ತೊದಲಿದರೆ ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ದವಾಖಾನೆಗೆ ಸಾಗಿಸಬೇಕು. ಅವರ ಬಾಯಿಗೆ ನೀರು ಬಿಡಬೇಡಿ. ಮೈ ಮುಟ್ಟಲು ಹಿಂಜರಿಯೋ ಊರಿನಲ್ಲಿ ಇದನ್ನು ಮಕ್ಕಳಿಗೆ ಮೊದಲೇ ಕಲಿಸಿರಬೇಕು.

ಎರಡನೆಯದು: ನಿಮ್ಮ ಊರಿಂದ ಹೊರಟ ಹಳೇ ಹಾದಿಯ ಮೇಲೆ ಹಾಳುಬಾವಿ, ಕಲ್ಲುದೋಣಿ, ಹೊರೆಗಲ್ಲು ಇದ್ದರೆ ಮಕ್ಕಳ ಕೈಯಲ್ಲಿ ಬರೆಸಿ. ಕಟ್ಟಿಸಿದವರ ಹೆಸರು ಕಲ್ಲಿನ ಮೇಲೇ ಇರುತ್ತದೆ, ಅದಕ್ಕೆ ಕಷ್ಟವಿಲ್ಲ. ಆ ನೀರನ್ನು ಯಾರು ಕುಡೀಬಹುದಿತ್ತು, ಯಾರು ದೂರ ನಿಂತರು, ಯಾವ ವರ್ಷ ಮೊದಲ ಸಲ ನಮ್ಮವರೊಬ್ಬರು ಹಗ್ಗ ಇಳಿಸಿದರು ಅನ್ನೋದನ್ನು ಕೇರಿಯ ಮುದುಕಿಯರನ್ನು ಕೇಳಿ. ಎಂಬತ್ತು ದಾಟಿದವರು ಇನ್ನೂ ಕೆಲವರು ಇದ್ದಾರೆ. ಬೇಸಿಗೆ ರಜೆಗೆ ಮುಂಚೆ ಕೇಳಿ.